ಎದುರಿಗೆ ನೀರಿಡಲು ಮರೆತವಳು

"ಸೂಜಿ ಇನ್ನೂ ಚುಚ್ಚಿಲ್ಲ ರೀ... ಕಣ್ಣು ಬಿಡಿ."

ಆರಡಿ ಎತ್ತರದ ವಾಲಿಬಾಲ್ ಕೋಚ್ ಕಣ್ಣು ಬಿಡಲಿಲ್ಲ. ಆಗಲೇ ಎಚ್ಚರ ತಪ್ಪಿ ಅವಳ ಹೆಗಲಿಗೆ ಒರಗಿದ್ದ.

ಲ್ಯಾಬ್ ಟೆಕ್ನೀಷಿಯನ್ ಆಗಿ ಅವಳು ಎಂತೆಂಥ ಅಂಜುಬುರುಕರನ್ನೋ ನೋಡಿದ್ದಳು. ಸೂಜಿಯ ಮುಚ್ಚಳ ತೆಗೆಯುವಷ್ಟರಲ್ಲೇ ಬಿದ್ದವನು ಇವನೇ ಮೊದಲು. ಹೆಗಲು ಕೊಡವಬೇಕು ಅನ್ನಿಸಿತು... ಅನ್ನಿಸಿದ್ದಷ್ಟೇ, ಕೊಡವಲಿಲ್ಲ.

ಜೊತೆಗೆ ಬಂದಿದ್ದ ಅವನ ಅಮ್ಮ ಮಗನ ಮುಖಕ್ಕೆ ನೀರು ಚಿಮುಕಿಸಿದರು.

"ಅಲ್ಲಮ್ಮಾ, ಇವನ ರಕ್ತ ತೆಗೆದು ಇವನ ಮಂಡಿಗೇ ಹಾಕ್ತೀರಂತೆ. ಹಾಗಿದ್ರೆ ಹೊರಗೆ ತೆಗೆಯೋದ್ಯಾಕೆ? ಒಳಗೊಳಗೇ ಕೆಳಗಿಳಿಸೋಕೆ ಆಗಲ್ವಾ?"

ಅವಳಿಗೆ ನಗು ತಡೆಯಲಾಗಲಿಲ್ಲ. "ಯಂತ್ರದಲ್ಲಿ ಗಿರಗಿರ ತಿರುಗಿಸಿದ್ರೆ ಮೇಲೆ ಹಳದಿ ಭಾಗ ಬೇರೆಯಾಗುತ್ತೆ ಅಮ್ಮ. ಮಂಡಿನೋವಿಗೆ ಡಾಕ್ಟರ್ ಚುಚ್ಚೋದು ಅದನ್ನ."

ಎಚ್ಚರವಾದರೂ ಅವನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ ಇದ್ದ. ಅಂತೂ ಮಲಗಿಸಿ ರಕ್ತ ತೆಗೆದಳು. ಯಂತ್ರ ವಾಲಾಡದೆ ತಿರುಗಲು ಅದರಲ್ಲಿ ರಕ್ತದ ಟ್ಯೂಬಿನ ಎದುರಿಗೆ ಅಷ್ಟೇ ತೂಕದ ನೀರಿನ ಟ್ಯೂಬ್ ಇಡಬೇಕು. ನಿದ್ದೆಗಣ್ಣಲ್ಲೂ ಅವಳು ಮರೆಯದ ಕೆಲಸ ಅದು. ಆದರೆ ಅಷ್ಟರಲ್ಲಿ ಅವನು ಕಣ್ಣು ಬಿಟ್ಟು, "ಮುಗೀತಾ? ಗೊತ್ತೇ ಆಗ್ಲಿಲ್ಲ," ಎಂದು ನಕ್ಕ.

ಕೆಟ್ಟಿತು ಕೆಲಸ. ನೀರಿಲ್ಲದೆ ಹೊರಟ ಯಂತ್ರ ದೆವ್ವ ಹಿಡಿದಂತೆ ಕುಣಿಯಿತು, ಟ್ಯೂಬ್ ಒಡೆಯಿತು.

"ನನ್ನದೇ ತಪ್ಪು... ಇನ್ನೊಂದ್ಸಲ ರಕ್ತ ಕೊಡ್ಬೇಕು," ಎಂದಳು ತಲೆ ತಗ್ಗಿಸಿ.

ಅವನು ಬೆವರೊರೆಸಿಕೊಂಡು ಕುಂಟುತ್ತಾ ಪಕ್ಕದ ಡಾಕ್ಟರ್ ಕೋಣೆಗೆ ಹೋದ. ಬಾಗಿಲು ಅರೆ ತೆರೆದೇ ಇತ್ತು.

"ಡಾಕ್ಟ್ರೇ, ದಯವಿಟ್ಟು ಅವರು ಬೇಡ. ಬೇರೆ ಯಾರಾದ್ರೂ ತೆಗೀಲಿ."

ಮಾತು ಅವಳಿಗೆ ಕೇಳಿಸಿತು. 'ಇಷ್ಟು ವರ್ಷಕ್ಕೆ ಒಬ್ಬ ಇಷ್ಟವಾದ... ಅವನಿಗೆ ನನ್ನ ಮುಖವೇ ಬೇಡವಾಯ್ತಲ್ಲ.' ಕಣ್ಣು ತುಂಬಿ ಬಂತು.

ಇವತ್ತು ಬೇರೆ ಯಾರೂ ಇಲ್ಲವೆಂದು ಡಾಕ್ಟರ್ ಅವನನ್ನು ವಾಪಸ್ ಕಳಿಸಿದರು. ಮತ್ತೆ ರಕ್ತ ತೆಗೆಯಲು ತೋಳಿಗೆ ಪಟ್ಟಿ ಕಟ್ಟುತ್ತಾ ಅವಳು ಮುಖ ನೋಡದೆ ಹೇಳಿದಳು:

"ನನ್ನ ಮೇಲೆ ನಂಬಿಕೆ ಇಲ್ದಿದ್ರೆ ನಾಳೆ ಬನ್ನಿ. ಬೇರೆಯವರಿರ್ತಾರೆ."

"ನಂಬಿಕೆ ಮಾತು ಎಲ್ಲಿ ಬಂತು? ನಿಮ್ಮೆದುರಿಗೆ ಎರಡನೇ ಸಲ ಬಿದ್ರೆ, ಆಮೇಲೆ ಯಾವ ಮುಖ ಇಟ್ಕೊಂಡು ನಿಮ್ಮನ್ನ ಕಾಫಿಗೆ ಕರೀಲಿ ರೀ?"

ಅವಳ ಕೈಯಲ್ಲಿದ್ದ ಹತ್ತಿ ಜಾರಿತು.

"ನಾನು ನೀರಿಡೋದು ಮರೆತದ್ದು... ನೀವು ನಕ್ಕಿದ್ದಕ್ಕೆ," ಎಂದುಬಿಟ್ಟಳು.

"ನನಗೆ ಸ್ವಲ್ಪ ಕಿವಿ ಮಂದ," ಎಂದರು ಮೂಲೆಯಲ್ಲಿದ್ದ ಅಮ್ಮ, ಯಾರೂ ಕೇಳದಿದ್ದರೂ.

ಈ ಸಲ ಅವನು ಸೂಜಿಯ ಗೊಡವೆಗೆ ಹೋಗದೆ ಅವಳನ್ನೇ ನೋಡುತ್ತಿದ್ದ. ಎಚ್ಚರ ತಪ್ಪಲಿಲ್ಲ. ಯಂತ್ರವೂ ಮರ್ಯಾದೆಯಿಂದ ತಿರುಗಿತು. ಆದರೂ ಅವಳಿಗೊಂದು ಅಳುಕು.

"ಮಂಡಿ ವಾಸಿಯಾದ್ಮೇಲೆ ಈ ಕಡೆ ಯಾಕೆ ಬರ್ತೀರಿ ಬಿಡಿ..."

"ವಾಸಿಯಾದ್ರೆ ನಡ್ಕೊಂಡು ಬರ್ತೀನಿ. ಆಗ್ದಿದ್ರೆ ಕುಂಟ್ಕೊಂಡು ಬರ್ತೀನಿ."