ಚಾರ್ಜ್ ದೀಪ ಹತ್ತಿದಾಗ

"ಈ ವಿಮಾನ ಇವತ್ತು ಹಾರಲ್ಲ!"

ಕೈಯಲ್ಲಿ ಸ್ಪ್ಯಾನರ್ ಹಿಡಿದು ಅಡ್ಡ ನಿಂತ ಮೆಕ್ಯಾನಿಕ್ ಹುಡುಗಿಯನ್ನು ವಿಮಾನ ತರಬೇತಿ ಶಾಲೆಗೆ ಹೊಸದಾಗಿ ಬಂದ ಪೈಲಟ್ ಮೇಷ್ಟ್ರು ದುರುಗುಟ್ಟಿ ನೋಡಿದರು.

"ಎಂಜಿನ್ ಚೆನ್ನಾಗೇ ಓಡ್ತಿದೆಯಲ್ರೀ?"

"ಓಡುತ್ತೆ. ಆದ್ರೆ ಬ್ಯಾಟರಿ ಚಾರ್ಜ್ ಆಗ್ತಿಲ್ಲ. ಮೀಟರ್ ಮುಳ್ಳು ನೋಡಿ, ಸೊನ್ನೆಯಿಂದ ಎಡಕ್ಕಿದೆ. ಅರ್ಧ ಗಂಟೆ ಹಾರಿದ್ರೆ ರೇಡಿಯೋ ಸತ್ತುಹೋಗುತ್ತೆ."

ಅವರು ಹೊರಟುಹೋದರು.

ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಬೆಲ್ಟ್ ಸಡಿಲವಾಗಿತ್ತು. ಬೆರಳಿಗೆ ಬ್ಯಾಂಡೇಜ್ ಇದ್ದರೂ ಅವಳೇ ಬಿಗಿಮಾಡಿದಳು. ಮರುದಿನ ಮ್ಯಾನೇಜರ್ ಕೋಣೆಯಿಂದ ಮೇಷ್ಟ್ರ ದನಿ ಕೇಳಿಸಿತು: "ಈ ವಾರ ಆ ವಿಮಾನದ ಕೆಲಸ ಬೇರೆಯವರಿಗೆ ಕೊಡಿ ಸರ್."

'ನನ್ನ ಕೆಲಸದ ಮೇಲೆ ಇಷ್ಟೂ ನಂಬಿಕೆ ಇಲ್ವಾ...?' ಅವಳ ಕಣ್ಣು ತುಂಬಿತು. ಅಂದಿನಿಂದ ಒಂದು ತಿಂಗಳು, ಅವರು ಎದುರಿಗೆ ಬಂದರೂ ಅವಳು ಮುಖ ತಿರುಗಿಸಿಕೊಂಡೇ ಓಡಾಡಿದಳು.

ಒಂದು ಮಧ್ಯಾಹ್ನ ಶೆಡ್ಡಿನ ರೇಡಿಯೋದಲ್ಲಿ ಅದೇ ದನಿ. ಆಕಾಶದಿಂದ!

"ಚಾರ್ಜ್ ದೀಪ ಹತ್ತಿದೆ, ಬ್ಯಾಟರಿ ಚಾರ್ಜ್ ಆಗ್ತಿಲ್ಲ. ಆಲ್ಟರ್ನೇಟರ್ ಸ್ವಿಚ್ ಒಂದ್ಸಲ ಆಫ್ ಮಾಡಿ ಆನ್ ಮಾಡಿದೆ, ಮತ್ತೆ ಹತ್ತಿತು. ಬೇಡದ್ದೆಲ್ಲ ಆಫ್ ಮಾಡಿ ವಾಪಸ್ ಬರ್ತಿದೀನಿ. ಇಳಿಯೋವಾಗ ಬ್ಯಾಟರಿ ಬೇಕಾಗುತ್ತೆ, ಅಲ್ಲಿವರೆಗೆ ರೇಡಿಯೋನೂ ಆಫ್."

ಆಮೇಲೆ ಸದ್ದಿಲ್ಲ.

ಬ್ಯಾಟರಿ ಖಾಲಿಯಾದರೂ ಎಂಜಿನ್ ನಿಲ್ಲುವುದಿಲ್ಲ, ಅದರ ಕಿಡಿಗೆ ಬೇರೆಯದೇ ವ್ಯವಸ್ಥೆ ಇದೆ. ಇದು ಅವಳಿಗೆ ಗೊತ್ತು. ಆದರೂ ಶೆಡ್ಡಿನಿಂದ ಹೊರಗೆ ಓಡಿ ಆಕಾಶ ನೋಡುತ್ತ ನಿಂತಳು. 'ನನಗ್ಯಾಕೆ ಹೀಗಾಗ್ತಿದೆ...?'

ಹದಿನೆಂಟು ನಿಮಿಷದ ನಂತರ ವಿಮಾನ ಸುರಕ್ಷಿತವಾಗಿ ಇಳಿಯಿತು. ಅವಳು ಎಂಜಿನ್ ಮುಚ್ಚಳ ಬಿಚ್ಚಿ ನೋಡಿದಳು. ಆಲ್ಟರ್ನೇಟರಿನ ತಂತಿ ತುದಿಯಲ್ಲೇ ತುಂಡಾಗಿತ್ತು.

"ಇದೂ ನನ್ನ ತಪ್ಪು ಅಂತ ಮ್ಯಾನೇಜರ್ ಹತ್ರ ಹೇಳ್ತೀರಾ?" ಎಂದಳು ಬಿರುಸಾಗಿ.

"ಯಾವಾಗ ಹಾಗೆ ಹೇಳಿದೆ?"

"ಕೆಲಸ ಬೇರೆಯವರಿಗೆ ಕೊಡಿ ಅಂದ್ರಲ್ಲ, ನನ್ನ ಕಿವಿಯಾರೆ ಕೇಳಿದೀನಿ!"

ಅವರು ತಬ್ಬಿಬ್ಬಾದರು. "ಅಯ್ಯೋ... ಆವಾಗ ನಿಮ್ಮ ಬೆರಳಿಗೆ ಮೂರು ಹೊಲಿಗೆ ಬಿದ್ದಿತ್ತು. ಒಂದೇ ಕೈಯಲ್ಲಿ ಮುಚ್ಚಳ ಎತ್ತುತ್ತಿದ್ರಿ. ನೋಡೋಕಾಗ್ಲಿಲ್ಲ, ಅದಕ್ಕೇ..."

ಅವಳು ಆ ಬೆರಳನ್ನು ನೋಡಿಕೊಂಡಳು. ತಿಂಗಳಿಡೀ ಹೊತ್ತುಕೊಂಡಿದ್ದ ಸಿಟ್ಟು ಒಂದೇ ಉಸಿರಿಗೆ ಇಳಿದುಹೋಯಿತು.

"ನನಗೇ ಹೇಳಬಹುದಿತ್ತಲ್ಲ?"

"ಧೈರ್ಯ ಬರ್ಲಿಲ್ಲ. ನಿಮ್ಮನ್ನ ಕಂಡ್ರೆ ನನಗೆ ತುಂಬಾ ಇಷ್ಟ ಅನ್ನೋದನ್ನೂ... ಮ್ಯಾನೇಜರ್ ಹತ್ರಾನೇ ಹೇಳಿ ಕಳಿಸ್ಲಾ?"

ಅವಳು ನಕ್ಕಳು. ಕಣ್ಣೊರೆಸಿಕೊಂಡ ಕೈಯ ಗ್ರೀಸು ಕೆನ್ನೆಗೆ ಅಂಟಿತು.

"ಬೇಡ... ಇನ್ನೊಂದ್ಸಲ ನನಗೇ ಹೇಳಿ."