ಮಂಗಳವಾರದ ಸ್ಕ್ವಾಟ್

“ಇದೇನು ಮೇಷ್ಟ್ರೇ, ಇವತ್ತು ಮಂಗಳವಾರ. ನಿಮಗೆ ರಜೆ ಅಲ್ವಾ?”

ಕೂತು ಏಳುವ ಸ್ಕ್ವಾಟಿಗೆಂದು ಹೆಗಲ ಮೇಲೆ ಬಾರ್‌ಬೆಲ್ ಹೊತ್ತು ನಿಂತಿದ್ದ ಗಣಿತದ ಮೇಷ್ಟ್ರು ಕನ್ನಡಿಯಲ್ಲೇ ಅವಳನ್ನು ನೋಡಿದ. ಬೆವರಿದ ಹಣೆಗೆ ಅಂಟಿದ ಒಂದೆಳೆ ಕೂದಲು. ಅದರ ಕೆಳಗೆ, ನಗಲೋ ಬೇಡವೋ ಎಂದು ಕಾಯುತ್ತಿದ್ದ ಕಣ್ಣು.

“ಸುಮ್ನೆ ಬಂದೆ,” ಎಂದ.

ಅವರಿಬ್ಬರ ವಾದ ಆ ಜಿಮ್ಮಿನಲ್ಲಿ ಎಲ್ಲರಿಗೂ ಬಾಯಿಪಾಠ. ಅವನದು ಫುಲ್ ಬಾಡಿ: ವಾರಕ್ಕೆ ಮೂರೇ ದಿನ, ಬಂದ ದಿನ ಇಡೀ ಮೈಗೆ ಕೆಲಸ, ನಡುವೆ ಒಂದೊಂದು ದಿನ ವಿಶ್ರಾಂತಿ. ನರ್ಸ್ ಆಗಿದ್ದ ಅವಳದು ಸ್ಪ್ಲಿಟ್: ಒಂದು ದಿನ ಎದೆ, ಒಂದು ದಿನ ಬೆನ್ನು, ಒಂದು ದಿನ ಕಾಲು, ಹೀಗೆ ವಾರಕ್ಕೆ ಆರು ದಿನ.

“ದೇವರು ಕೊಟ್ಟಿದ್ದು ಒಂದೇ ಮೈ. ಅದನ್ಯಾಕ್ರೀ ಪಾಲು ಮಾಡ್ತೀರಿ?” ಎನ್ನುತ್ತಿದ್ದ ಅವನು.

“ಮನೆಮಂದಿಗೆಲ್ಲ ಒಟ್ಟಿಗೆ ಬಡಿಸಿದ್ರೆ ಕೊನೇಲಿ ಕೂತವರಿಗೆ ಪಾತ್ರೆ ತಳವೇ ಗತಿ. ನಿಮ್ಮ ತೋಳು ನೋಡಿ, ಪಾಪ, ಕೊನೇಲೇ ಕೂತಿವೆ!”

ಎಲ್ಲರೂ ಅವಳನ್ನು ‘ಸಿಸ್ಟರ್’ ಎನ್ನುತ್ತಿದ್ದರು. ಆ ಒಂದು ಪದ ಮಾತ್ರ ಅವನ ನಾಲಿಗೆಗೆ ಹತ್ತಿರಲಿಲ್ಲ.

ಕಳೆದ ಶುಕ್ರವಾರ ಅವಳು ಬೂಟಿನ ದಾರ ಬಿಚ್ಚುತ್ತ ಹೇಳಿದ್ದಳು: “ಇನ್ನೊಂದೇ ವಾರ. ಆಮೇಲೆ ನೈಟ್ ಶಿಫ್ಟ್, ಅದನ್ನ ಮುಗಿಸ್ಕೊಂಡು ಬೆಳಿಗ್ಗೆ ಹೊತ್ತು ಬರ್ತೀನಿ.” ಬೆಳಿಗ್ಗೆ ಅವನಿಗೆ ಶಾಲೆ. ಸೋಮವಾರದಿಂದ ಲೆಕ್ಕ ಹಾಕಿದರೆ ಉಳಿದದ್ದು ಆರೇ ಸಂಜೆ. ಅದರಲ್ಲಿ ಅವನ ಪಾಲಿನವು ಮೂರು.

ಆರನ್ನೂ ಬೇಕೆಂದ ಮನಸ್ಸಿಗೆ ಬುದ್ಧಿ ಸೋತಿತು. ಆದರೆ ಅವಳ ಕಣ್ಣೆದುರು ಸ್ಪ್ಲಿಟ್ ಮಾಡಿದರೆ ಮಾನ ಉಳಿದೀತೆ? ಸೋಮವಾರ ಇಡೀ ಮೈ. ಮಂಗಳವಾರ ಮತ್ತೆ ಇಡೀ ಮೈ. ಬುಧವಾರವೂ ಅದೇ. ಗುರುವಾರ ಕ್ಲಾಸಿನಲ್ಲಿ ಬೋರ್ಡಿನ ಮೇಲಿನ ಸಾಲಿಗೆ ಕೈ ಏಳಲಿಲ್ಲ; ಆದರೂ ಸಂಜೆ ಬಂದ.

ಶುಕ್ರವಾರ ಬೆಂಚಿನ ಮೇಲೆ ಕುಳಿತವನು ಏಳಲಾಗದೆ ಅಲ್ಲೇ ಉಳಿದ.

ಅವಳು ಪಕ್ಕದಲ್ಲಿ ಮಂಡಿಯೂರಿ ಅವನ ಮೀನಖಂಡವನ್ನು ಮೆಲ್ಲಗೆ ಒತ್ತಿದಳು. ಅವನು ಹಲ್ಲು ಕಚ್ಚಿದ.

“ಕಲ್ಲಾಗಿದೆ. ಒಂದು ದಿನಾನೂ ಬಿಡಲಿಲ್ವಾ? ಮೈ ಬೆಳೆಯೋದು ಎತ್ತುವಾಗ ಅಲ್ಲ, ಬಿಟ್ಟಾಗ ಅಂತ ಊರಿಗೆಲ್ಲ ಪಾಠ ಹೇಳೋರು ನೀವು!”

“ಗೊತ್ತು.”

“ಗೊತ್ತಿದ್ದೂ?”

“ಸೋಮವಾರದಿಂದ ನೀವಿರಲ್ಲ.” ಅವನು ನೆಲ ನೋಡಿದ. “ತೋಳು ಬೆಳೀಲಿ ಅಂತ ಬರಲಿಲ್ಲ. ನಿಮ್ಮನ್ನ ಕಂಡ್ರೆ ಇಷ್ಟ. ಅದನ್ನ ಹೇಳೋ ಧೈರ್ಯ ಬರ್ಲಿಲ್ಲ, ಅದಕ್ಕೆ ಭಾರ ಎತ್ತಿದೆ.”

ಅವಳ ಬೆರಳು ಅಲ್ಲೇ ನಿಂತಿತು. ಕಿವಿಯಂಚು ಕೆಂಪಾಯಿತು. “ಪೆದ್ದು ಮೇಷ್ಟ್ರು,” ಎಂದಳು, ಯಾರಿಗೂ ಕೇಳಿಸದಷ್ಟು ಮೆಲ್ಲಗೆ. ಮರುಕ್ಷಣವೇ ನರ್ಸಿನ ದನಿ: “ಇನ್ನು ನಾಲ್ಕು ದಿನ ಜಿಮ್ಮಿನ ಹೊಸ್ತಿಲು ತುಳೀಕೂಡದು.”

“ಅಯ್ಯೋ, ನಾಳೇನೇ ಕೊನೇ ದಿನ!”

“ನಾಳೆ ನಾನೂ ಬರಲ್ಲ. ಸಂಜೆ ಕೆರೆ ಸುತ್ತ ನಡೆಯೋಣ, ನಿಧಾನಕ್ಕೆ. ಭಾನುವಾರ ನನಗೂ ರಜೆ. ಆಮೇಲಿನ ಸಂಜೆಗಳೂ ಖಾಲಿ ಇವೆ, ಕೇಳೋರು ಇರಲಿಲ್ಲ ಅಷ್ಟೆ.”

ಜಿಮ್ ಮೊದಲ ಮಹಡಿಯಲ್ಲಿತ್ತು. ಅವಳ ಭುಜ ಹಿಡಿದು, ಮೆಟ್ಟಿಲಿಗೊಂದು ‘ಅಮ್ಮಾ’ ಎನ್ನುತ್ತ, ಎರಡು ‘ಅಮ್ಮಾ’ಗಳ ನಡುವೆ ನಗುತ್ತ ಇಳಿದ.

“ಮೆಟ್ಟಿಲು ಮುಗೀತು ಮೇಷ್ಟ್ರೇ.”

“ಹೌದಾ? ಎಣಿಸ್ಲೇ ಇಲ್ಲ ನೋಡಿ.”

ಭುಜದ ಮೇಲಿನ ಕೈ ಅಲ್ಲೇ ಇತ್ತು. ಅವಳು ಮೆಲ್ಲಗೆ ಬೀದಿಯ ಕಡೆ ಹೆಜ್ಜೆ ಇಟ್ಟಳು, ಅವನ ನಡಿಗೆಗೆ ತಕ್ಕಂತೆ.