ಗೆರೆಗೆ ಬಾರದ ಚುಕ್ಕೆ

ಗ್ರಾಫಿನಲ್ಲಿ ಒಂದೇ ಒಂದು ಚುಕ್ಕೆ ಗೆರೆಗೆ ಬರುತ್ತಿರಲಿಲ್ಲ. ಜುಗೂಳದ ಏರಿನ ಹೊಲಗಳಿಂದ ಕೃಷ್ಣೆಯ ಕಡೆ ಇಳಿದಂತೆ ಮಣ್ಣಿನ ಉಪ್ಪು, ಊರವರು ಸವಳು ಎನ್ನುವುದು, ಏರುತ್ತಿತ್ತು. ತೀರ ತಗ್ಗಿನಲ್ಲಿದ್ದ ದುಂಡೇಶನ ಹೊಲದಲ್ಲಷ್ಟೇ ಉಪ್ಪಿಲ್ಲ.

“ಸುತ್ತೂಕಡೆ ಸವಳು, ನಡುವ ನಿನ್ನ ಹೊಲ ಒಂದ ಚಂದ. ನಿನ್ನಂಗ ಭಾಳ ಶಾಣ್ಯಾ ಐತಿ,” ರೂಪಾಲಿ ನಕ್ಕಳು.

ಎಂ.ಎಸ್ಸಿ.ಯ ಕ್ಷೇತ್ರಕಾರ್ಯ ಇಬ್ಬರದೂ ಜಂಟಿ. ಮಣ್ಣು ತಂದವನು ಅವನು, ಚಿಕ್ಕೋಡಿಯ ಲ್ಯಾಬಿನಲ್ಲಿ ಅಳೆದವಳು ಅವಳು.

ಅವಳ ಹೆರಳಿನಿಂದ ಹಾಳೆಗೆ ಬಿದ್ದ ಮಲ್ಲಿಗೆ ಎಸಳನ್ನು ದುಂಡೇಶ ಹೆಕ್ಕಿದ. “ಸೋಮವಾರ ನಿಮ್ಮಪ್ಪಾರು ಮನಿ ನೋಡಾಕ ಬರ್ತಾರ. ಹೊಲ ನೋಡದ ಹೆಣ್ಣ ಕೊಡ್ತಾರೇನ? ಈ ರಿಪೋರ್ಟ್ ತೋರ್ಸಿಬಿಡು.”

ಸದಾ ಅವಳನ್ನೇ ನೋಡುವವನು ಇವತ್ತು ಕಣ್ಣೆತ್ತಲಿಲ್ಲ. ನಾಚಿಕೆ ಎಂದುಕೊಂಡಳು.

ವರದಿಯ ತೀರ್ಮಾನ ಬರೆದಾಗಿತ್ತು, ಅಳತೆಯ ತಪ್ಪುಒಪ್ಪು ತೂಗುವ ಮೌಲ್ಯಮಾಪನದ ಭಾಗ ಬಾಕಿ. ಆ ಚುಕ್ಕೆಯನ್ನು ಅಳಿಸಲು ಅವಳಿಗೆ ಮನಸ್ಸಾಗಲಿಲ್ಲ. ಅದನ್ನು ಉಳಿಸಿಕೊಳ್ಳಲು ಕಾರಣ ಹುಡುಕಿಕೊಂಡು, ಅವನಿಗೂ ಹೇಳದೆ, ಮರುದಿನ ಜುಗೂಳದ ಬಸ್ಸು ಹತ್ತಿದಳು.

ನಕ್ಷೆಯಲ್ಲಿ ಅವನು ಗುರುತಿಸಿದ್ದ ಜಾಗದಲ್ಲಿ ಅಗೆಯುತ್ತಿದ್ದಾಗ ಅವನ ತಾಯಿ ಲಕ್ಕವ್ವ ಬದುವಿನ ಮೇಲೆ ಬಂದಳು.

“ಯವ್ವಾ, ರೂಪಾಲಿ ಅಲ್ಲೇನ ನೀ? ಫೋಟೋದಾಗ ನೋಡೇನಿ. ಅಲ್ಲ್ಯಾಕ ಅಗ್ಯಾಕತ್ತಿ? ಅದು ಭರಮೂನ ಹೊಲ, ಏರಿನ ಮಣ್ಣ ತಂದ ಹಾಕ್ಸ್ಯಾನ. ನಮ್ದು ಇತ್ತಾಗ.”

ಇತ್ತಾಗ ನೆಲದ ಮೇಲೆ ಬಿಳಿಯ ಪೊರೆ. ಕಬ್ಬು ಮೊಣಕಾಲೆತ್ತರಕ್ಕೇ ಹಳದಿಯಾಗಿ ನಿಂತಿತ್ತು.

“ಪೂರಾ ಸವಳ ಬಿದ್ದೈತಿ. ದುಂಡ್ಯಾ ನಿನಗ ಹೇಳ್ಯಾನಲ್ಲಾ?”

“ಹೇಳ್ಯಾರ್ರಿ, ಅತ್ತಿ.”

‘ಅತ್ತಿ’ ಎಂಬ ಆ ಕರೆಯನ್ನು ಅವಳು ಎಷ್ಟೋ ಸಲ ಒಬ್ಬಳೇ ಬಾಯಿಪಾಠ ಮಾಡಿದ್ದಳು. ಮೊದಲ ಸಲ ಹೇಳಿದ್ದೇ ಸುಳ್ಳಿನ ಜೊತೆ.

ಸಂಜೆ ಲ್ಯಾಬಿನ ಮೇಜಿನ ಮೇಲೆ ಆ ಬಿಳಿ ಮಣ್ಣನ್ನು ಇಟ್ಟಳು. ದುಂಡೇಶ ಒಂದು ಚಿಟಿಕೆ ಎತ್ತಿ ಬೆರಳಲ್ಲಿ ತಿಕ್ಕಿದ.

“ಖರೇ ಹೇಳಿದ್ರ ನೀ ಬರ್ತಿದ್ದೇನ, ರೂಪಾ?”

“ಒಮ್ಮೆರ ಕೇಳಬೇಕಿತ್ತಲ್ಲೋ. ಮಣ್ಣಾದ್ರ ಅಗದು ನೋಡ್ತಿದ್ದಿ. ನನ್ನ ಬಗ್ಗೆ ಏನೂ ನೋಡದನ ತೀರ್ಮಾನ ಮಾಡಿಬಿಟ್ಟಿ.”

“ತಪ್ಪಾತು. ನಿಮ್ಮಪ್ಪಾರಿಗೆ ನಾನ ಹೇಳ್ತೇನಿ, ಹೊಲ ಸವಳು ಅಂತ.”

“ಬ್ಯಾಡ. ಅಪ್ಪಗ ಬರಬ್ಯಾಡ ಅಂದೇನಿ. ಸವಳಿನ ಮಾತ ಎತ್ತಿಲ್ಲ.” ಅವಳು ನಕ್ಷೆಯಲ್ಲಿ ಅವನು ಹಾಕಿದ್ದ ಗುರುತಿನ ಮೇಲೆ ಬೆರಳಿಟ್ಟಳು. “ಕಾರಣ ಅದಲ್ಲಲ್ಲ.”

ಅವನು ಹೋದ ಮೇಲೆ ಹೊಸ ಮಣ್ಣನ್ನು ಅಳೆದಳು. ಚುಕ್ಕೆ ಮೇಲೇರಿ ಗೆರೆಯಲ್ಲಿ ಚೊಕ್ಕವಾಗಿ ಕೂತಿತು. ಮೌಲ್ಯಮಾಪನದಲ್ಲಿ ಬರೆದಳು: ‘ಒಂದು ಮಾದರಿಯ ಜಾಗ ತಪ್ಪಾಗಿತ್ತು. ಮತ್ತೆ ಅಳೆದು ಸರಿಪಡಿಸಲಾಗಿದೆ.’ ಯಾರ ತಪ್ಪೆಂದು ಬರೆಯಲಿಲ್ಲ.

ಕೊನೆಗೆ ಮುಖಪುಟದಲ್ಲಿ ಇಬ್ಬರ ಹೆಸರನ್ನೂ ಪಕ್ಕಪಕ್ಕದಲ್ಲಿ ಟೈಪ್ ಮಾಡಿದಳು. ಅವೆರಡೂ ಜೊತೆಯಾಗಿ ಅಚ್ಚಾಗುವುದು ಇನ್ನು ಇದೊಂದರಲ್ಲೇ.